ವಾರ್ಡಿನ ಕಿಟಕಿ ಮಳೆಗಾಲದಲ್ಲೂ ತೆರೆದಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಸಾಕು, ಎರಚಲು ಹೊಡೆಯುತ್ತದೆಂದು ಕರಾವಳಿಯ ಆಸ್ಪತ್ರೆ ವಾರ್ಡುಗಳ ಕಿಟಕಿ ಮುಚ್ಚುತ್ತಾರೆ. ತುಳುವರ ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆಯುವವರೆಗೂ ಅದೇ ಸ್ಥಿತಿ. ಕ್ಷಯ ಇನ್ನೂ ಪತ್ತೆಯಾಗದ ರೋಗಿಯೊಬ್ಬರು ಅಲ್ಲಿ ಕೆಮ್ಮುತ್ತ ಮಲಗಿದ್ದರೆ ಆಯಾ, ನರ್ಸ್, ಹೌಸ್ ಸರ್ಜನ್ ಎಲ್ಲರೂ ಅದೇ ಗಾಳಿ ಉಸಿರಾಡಬೇಕು. ಕ್ಷಯ ಗಾಳಿಯಲ್ಲಿ ಹರಡುತ್ತದೆಂಬುದು ಸಿಬ್ಬಂದಿಗೆ ಗೊತ್ತು. ತಪ್ಪುವುದು ರೂಢಿಯಲ್ಲಿ.

ಕೆಮ್ಮಿದಾಗ ಹೊರಬೀಳುವ ಅತಿ ಸಣ್ಣ ಕಣಗಳು, 5 ಮೈಕ್ರಾನ್‌ಗಿಂತ ಕಿರಿದಾದವು, ನೆಲಕ್ಕಿಳಿಯದೆ ಗಂಟೆಗಟ್ಟಲೆ ತೇಲುತ್ತವೆ. ಕೊಠಡಿಯ ಗಾಳಿ ಗಂಟೆಗೆ 12 ಸಲ ಬದಲಾದರೆ ಇವುಗಳಲ್ಲಿ ಶೇ 99ರಷ್ಟು ಹೊರಹೋಗಲು 23 ನಿಮಿಷ ಸಾಕು. ಎರಡೇ ಸಲ ಬದಲಾದರೆ 2 ಗಂಟೆ 18 ನಿಮಿಷ ಬೇಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಕಿಟಕಿ ಮುಚ್ಚಿದ್ದರೆ ಫ್ಯಾನು ಕೂಡ ಇದ್ದುದನ್ನೇ ಕಲಕುತ್ತದೆ. ಕಿಟಕಿಯ ಹೊರಗೆ ಶೀಟಿನ ಮಾಡು ಇಳಿಸಿದರೆ ಎರಚಲು ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ. ಅದಾಗದ ಕಡೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಎದುರಿನ ಬಾಗಿಲು ತೆರೆದಿಡಬೇಕು. ಆಮ್ಲಜನಕದ ಸಿಲಿಂಡರ್, ಪೈಪು ಇಲ್ಲದ ಖಾಲಿ ಕೊಠಡಿಯಲ್ಲಿ ಊದುಬತ್ತಿ ಹಚ್ಚಿ ನೋಡಿ. ಹೊಗೆ ಸಿಬ್ಬಂದಿ ಕೂರುವ ಕಡೆಯಿಂದ ರೋಗಿಯ ಕುರ್ಚಿಯತ್ತ, ಅಲ್ಲಿಂದ ಹೊರಗೆ ಹೋಗಬೇಕು. ಒಪಿಡಿಯಲ್ಲಿ ಇದು ಉಲ್ಟಾ ಇದ್ದರೆ ಮೇಜು ಸರಿಸಿದರಾಯಿತು, ಕಾಸಿನ ಖರ್ಚಿಲ್ಲ.

ಇನ್ನು ಮಾಸ್ಕ್. ಸರ್ಜಿಕಲ್ ಮಾಸ್ಕ್ ಕೆಮ್ಮುವ ರೋಗಿಗೆ, ಎನ್95 ಆರೈಕೆ ಮಾಡುವವರಿಗೆ. ಎನ್95ನ ಮೇಲಿನ ಪಟ್ಟಿ ನೆತ್ತಿಯ ಹಿಂಭಾಗದಲ್ಲಿ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಯಲ್ಲಿ ಇರಬೇಕು. ಎರಡನ್ನೂ ಕುತ್ತಿಗೆಗೆ ಇಳಿಸಿದರೆ ಮೂಗಿನ ಪಕ್ಕ ಸಂದು ಬಿಡುತ್ತದೆ. ಮೂಗಿನ ಕಂಬಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಅಲ್ಲೇ ಸೋರುತ್ತದೆ. ಎರಡೂ ಕೈಬೆರಳುಗಳಿಂದ ಒತ್ತಿ ಕೂರಿಸಬೇಕು. ಆಮೇಲೆ ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ಬಡಿದರೆ ಮಾಸ್ಕ್ ಕೂತಿಲ್ಲ. ಗಡ್ಡವಿದ್ದರೆ, ಒಳಗೆ ಇನ್ನೊಂದು ಮಾಸ್ಕ್ ಹಾಕಿದ್ದರೆ ಅದು ಕೂರುವುದೇ ಇಲ್ಲ. ನಮ್ಮ ಸೆಕೆಗೆ ಬೆವರಿನಲ್ಲಿ ತೊಯ್ದ ಮಾಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಮರುದಿನ ಹಾಕಬಾರದು. ಮತ್ತೆ ಬಳಸಬಹುದಾದ ಒಣ ಮಾಸ್ಕನ್ನು ಹೆಸರು ಬರೆದ ಕಾಗದದ ಲಕೋಟೆಯಲ್ಲಿಡಿ.

ಪರೀಕ್ಷೆಗೆ ಬೇಕಾದ ಕಫವನ್ನು ಶೌಚಾಲಯದೊಳಗೆ ತೆಗೆಸುವ ಪದ್ಧತಿಯಂತೂ ನಿಲ್ಲಲೇಬೇಕು. ಬಯಲಿನಲ್ಲಿ, ರೋಗಿಯ ಎದುರು ಯಾರೂ ನಿಲ್ಲದೆ ತೆಗೆಸಬೇಕು.

ಸಿಬ್ಬಂದಿಯಲ್ಲೇ ಯಾರಿಗಾದರೂ ಎರಡು ವಾರ ಕೆಮ್ಮು ಬಿಡದಿದ್ದರೆ ‘ಮಳೆಯ ಕೆಮ್ಮು’ ಎಂದು ಸಿರಪ್ ಕುಡಿದು ಡ್ಯೂಟಿಗೆ ಬರುವುದು ಬೇಡ. ಕಫ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಮೇಲಿನವರು ರಜೆ ಕೊಡಬೇಕು, ಸಂಬಳ ಕತ್ತರಿಸಬಾರದು. ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ರೋಗಿಯ ಹಾಸಿಗೆ ಬದಲಿಸುವ, ಕಫದ ಬಟ್ಟಲು ಎತ್ತುವ ಗುತ್ತಿಗೆ ಕೆಲಸಗಾರರನ್ನು ತರಬೇತಿಗೆ ಕರೆಯುವುದೇ ಅಪರೂಪ. ಇಂಗ್ಲಿಷ್ ಸ್ಲೈಡುಗಳು ಅವರಿಗೆ ಬೇಡ. ಪ್ರತಿ ಆಸ್ಪತ್ರೆಯೂ ಮಳೆಗೆ ಮೊದಲೇ, ಪಾಳಿ ಬದಲಾಗುವ ಹೊತ್ತಿಗೆ, ಅವರ ಕೈಗೆ ಮಾಸ್ಕ್ ಕೊಟ್ಟು ತುಳುವಿನಲ್ಲಿ ಹದಿನೈದು ನಿಮಿಷ ಹೇಳಿಕೊಡಲಿ.

– ಸೋಂಕು ನಿಯಂತ್ರಣ ಶುಶ್ರೂಷಕಿಯರು, ಮಂಗಳೂರು