ಪುಟ್ಯಾ, ಮೊದಲ ಮೂರನೇ ಫ್ಲೋರ್ ನೋಡು

ಪುಟ್ಯಾ,

ಅಪ್ಪ ಅವ್ವನ್ನ ವಯಸ್ಸಾದವ್ರ ವಸತಿದಾಗ ಇಡಲೇನು ಅಂತ ಕೇಳಿದ ನಿನ್ನ ಮೂರೂ ವಾಯ್ಸ್ ಮೆಸೇಜ್ ಕೇಳಿದೆ. ಫೋನಿನ್ಯಾಗ ಹೇಳಿದ್ರ ನೀ "ಹೂಂ ಅತ್ಯಾ, ಹೂಂ ಅತ್ಯಾ" ಅಂದು ಇಟ್ಟಬಿಡ್ತಿ, ಅದಕ್ಕ ಕೂತು ಟೈಪ್ ಮಾಡ್ಲಿಕತ್ತೀನಿ, ನಿಧಾನಕ ಓದು. ಅಣ್ಣಾಗ ಪಾರ್ಕಿನ್ಸನ್, ವೈನಿಗೆ ಮೊಣಕಾಲ ನೋವು ಬಿಟ್ರ ಗಟ್ಟಿಮುಟ್ಟ, ನೀ ಮುಂಜಾನೆ ಪುಣೆ ಹತ್ರದ ಹಿಂಜವಡಿ ಆಫೀಸಿಗೆ ಹೋದ್ರ ಮನಿ ಕಾಣೋದು ರಾತ್ರಿ ಒಂಬತ್ತಕ್ಕ. ಇಬ್ಬರನೂ ನಾ ಇರೋ ಅಂಥಾ ಜಾಗಾದಾಗ ಇಡಬೇಕು ಅಂತ ನಿನಗ ಅನಿಸಿದ್ದು ತಪ್ಪಲ್ಲ. ಮಂದಿ ಏನಂದಾರು ಅನ್ನೋದು ಬಿಡು, ಮಂದಿ ಏನು ರಾತ್ರಿ ಎರಡಕ್ಕ ಬಂದು ಅಣ್ಣನ್ನ ಸಂಡಾಸಕ್ಕ ಎಬ್ಬಿಸ್ತಾರೇನು.

ಆದ್ರ ನೀ ಕಳಿಸಿದ ಬ್ರೋಷರ್ ನೋಡಿ ನಗು ಬಂತು. ಕ್ಲಬ್ ಹೌಸ್, ಯೋಗಾ ಹಾಲ್, ಸ್ವಿಮ್ಮಿಂಗ್ ಪೂಲ್. ನಾ ತಳೇಗಾವ್ ಕಡೆ ಬಂದು ಮೂರು ವರ್ಷ ಆತು, ನಮ್ಮ ಪೂಲಿನ್ಯಾಗ ಇಳಿದವರನ್ನ ನೋಡಿದ್ದು ಎರಡ ಸಲ, ಎರಡೂ ಸಲ ಯಾರದೋ ಮೊಮ್ಮಗ.

ನೀ ನೋಡಬೇಕಾದ್ದು ಮೂರನೇ ಫ್ಲೋರ್. ನಮ್ಮಲ್ಲೆ ಕೆಳಗ ಇಂಡಿಪೆಂಡೆಂಟ್ ಮಂದಿ, ಅಂದ್ರ ನನ್ನಂಥವ್ರು, ಸ್ವಂತ ಕೀಲಿಕೈ, ಸ್ವಂತ ಚಹಾ. ಎರಡನೇದಾಗ ಅಸಿಸ್ಟೆಡ್, ಅಂದ್ರ ದಿನದ ಕೆಲಸಕ್ಕ ಒಬ್ಬರ ಕೈ ಬೇಕಾದವ್ರು. ಮೂರನೇದಾಗ ಮರುವಿನ ಬ್ಯಾನಿಯವ್ರು, ಹಾಸಿಗಿ ಹಿಡದವ್ರು. ಸ್ನಾನ, ಬಟ್ಟಿ ಹಾಕ್ಕೊಳ್ಳೋದು, ಸಂಡಾಸ, ಹಾಸಿಗಿಯಿಂದ ಕುರ್ಚಿಗೆ ಬರೋದು, ಉಚ್ಚಿ ತಡಕೊಳ್ಳೋದು, ಊಟ, ಈ ಆರರಾಗ ಎಷ್ಟು ನಿಮ್ಮ ಕೈಯಿಂದ ಆಗ್ತಾವ ಅಂತ ಎಣಿಸಿ ಲೆವಲ್ ಬದಲಿ ಮಾಡ್ತಾರ, ಲೆವಲ್ ಬದಲಾದ್ರ ತಿಂಗಳ ಬಿಲ್ಲೂ ಬದಲಿ. ಇಲ್ಲೆ ಯಾರರೆ ಶಿಫ್ಟ್ ಆದ್ರ "ಅವ್ರು ಮ್ಯಾಲ ಹೋದ್ರು" ಅಂತೀವಿ, ಮರಾಠಿಯವ್ರೂ "ವರ್ ಗೇಲೇ" ಅಂತಾರ, ಎರಡೂ ಭಾಷಾದಾಗ ಅದರ ಅರ್ಥ ಒಂದ, ಹೊಸದಾಗಿ ಬಂದವ್ರು ಗಾಬರಿ ಆಗ್ತಾರ, ನಾವು ನಗ್ತೀವಿ, ಒಳಗ ಏನ ಇರ್ಲಿ.

ಈಗ ನಿನ್ನ ಮನಿದ ಪ್ರಶ್ನೆ ಇದ. ಅಣ್ಣ ಮ್ಯಾಲ ಹೋಗಬೇಕಾದ ದಿನ ವೈನಿ ಎಲ್ಲೆ ಇರಬೇಕು? ಒಂದ ರೂಮಿನ್ಯಾಗ ಇಬ್ಬರಿಗೂ ಬ್ಯಾರೆ ಬ್ಯಾರೆ ಲೆವಲ್ ಕೊಡ್ತಾರೋ, ಇಲ್ಲಾ ಎರಡು ರೂಮು ಎರಡು ಬಿಲ್ಲೋ? ಸೇಲ್ಸಿನ ಹುಡುಗಿ "ಆ ಟೈಮಿಗೆ ನೋಡೋಣ ಸರ್" ಅಂದ್ರ ಎದ್ದು ಬಾ. ನಮ್ಮ ಕಾರಿಡಾರಿನ ಒಬ್ಬ ಅಜ್ಜಿ ದಿನಾ ನಾಲ್ಕಕ್ಕ ಫ್ಲಾಸ್ಕಿನ್ಯಾಗ ಚಹಾ ತೊಗೊಂಡು ಲಿಫ್ಟ್ ಹತ್ತತಾಳ, ಐವತ್ತು ವರ್ಷ ಒಂದ ಮನ್ಯಾಗ ಇದ್ದ ಗಂಡನ್ನ ಈಗ ವಿಸಿಟಿಂಗ್ ಟೈಮಿನ್ಯಾಗ ನೋಡ್ಬೇಕು.

ಇನ್ನ ಗುಳಿಗಿ. ಪಾರ್ಕಿನ್ಸನ್ ಗುಳಿಗಿ ಅರ್ಧ ತಾಸು ತಡ ಆದ್ರ ಅಣ್ಣ ಕೂತಲ್ಲೆ ಕಲ್ಲಾಗ್ತಾನ, ನೀನ ನೋಡೀದಿ. ಬ್ಯಾಳಿ, ಮೊಸರು, ಪನೀರು ಅಂತ ಪ್ರೊಟೀನ್ ಜಾಸ್ತಿ ಇರೋ ಊಟದ ಕೂಡ ನುಂಗಿದ್ರ ಅದು ಸರಿಯಾಗಿ ಹತ್ತಂಗಿಲ್ಲ. ಮೆಸ್ಸಿನವ್ರ ಟೈಮು ಒಂದು, ಗುಳಿಗಿ ಟೈಮು ಒಂದು ಇರೋ ಜಾಗಾದಾಗ ಯಾರು ಗಡಿಯಾರ ನೋಡಿ ಕೊಡ್ತಾರ, ರಾತ್ರಿ ಒಂದು ಫ್ಲೋರಿಗೆ ಎಷ್ಟು ಮಂದಿ ಎಚ್ಚರ ಇರ್ತಾರ, ಇವೆರಡು ಕೇಳು.

ಕಿಸೆದಾಗ ಅಳತಿ ಟೇಪ್ ಇಟ್ಟಕೊಂಡು ಹೋಗು. 2024ರಾಗ ಮಹಾರೇರಾದವ್ರು, ಅಂದ್ರ ಮಹಾರಾಷ್ಟ್ರದಾಗ ಬಿಲ್ಡರ್‌ಗಳ ಮ್ಯಾಲ ಕಣ್ಣಿಡೋ ಸರ್ಕಾರಿ ಮಂಡಳಿಯವ್ರು, ವಯಸ್ಸಾದವ್ರ ಮನಿಗಳಿಗೆ ಅಂತ ನಿಯಮ ತಂದಾರ, ಬಾಗಲಾ 900 ಮಿಲಿಮೀಟರಿಗೆ ಕಡಿಮಿ ಇರಬಾರದು, ವೀಲ್‌ಚೇರ್ ಹಾಯಬೇಕಲ್ಲ. ಆಮ್ಯಾಲ ಬಚ್ಚಲಕ್ಕ ಹೋಗಿ ಎಮರ್ಜೆನ್ಸಿ ಹಗ್ಗ ನೋಡು, ಜಗ್ಗಿದ್ರ ಸ್ಟಾಫಿಗೆ ಗಂಟಿ ಕೇಳಸೋದು. ಹೋದ ವರ್ಷ ಮಳಿಗಾಲದಾಗ ನಾ ಬಚ್ಚಲದಾಗ ಜಾರಿದೆ, ನಿನಗ ಹೇಳಿಲ್ಲ, ಈಗ ಸಿಟ್ಟಾಗಬ್ಯಾಡ. ಹಗ್ಗ ಇತ್ತು, ಆದ್ರ ನೆಲಾ ಒರಸುವಾಗ ತೊಯ್ತದ ಅಂತ ಕ್ಲೀನಿಂಗಿನಕಿ ಅದನ್ನ ಸುತ್ತಿ ಟವೆಲ್ ರಾಡಿಗೆ ಗಂಟ ಹಾಕಿದ್ಲು. ನೆಲದ ಮ್ಯಾಲ ಬಿದ್ದಾಕಿ ನಾ, ಹಗ್ಗ ತಲಿಮ್ಯಾಲ ಮೂರು ಫೂಟ್ ಎತ್ತರ. ಬಕೀಟು ತಂಬಿಗಿ ಬಡದು ಬಡದು ಇಪ್ಪತ್ತು ನಿಮಿಷ ಆದಮ್ಯಾಲ ಬಂದ್ರು. ಹಗ್ಗ ನೆಲಾ ಮುಟ್ಟಬೇಕು, ಮತ್ತ ನೀ ಅಲ್ಲೇ ನಿಂತು ಜಗ್ಗಿ ನೋಡಬೇಕು ಯಾರು ಎಷ್ಟೊತ್ತಿಗೆ ಬರ್ತಾರ ಅಂತ.

ರೊಕ್ಕದ್ದು ಜಾಸ್ತಿ ಬರಿಯಂಗಿಲ್ಲ, ನೀ ನನಗಿಂತ ಶಾಣ್ಯಾ. ಮೆಡಿಕ್ಲೇಮ್ ದವಾಖಾನಿ ಬಿಲ್ ಕೊಡ್ತದ, ತಿಂಗಳಗಟ್ಟಲೆ ಅಟೆಂಡೆಂಟ್ ಖರ್ಚು ಕೊಡಂಗಿಲ್ಲ. ಡೆಪಾಸಿಟ್ ಯಾವಾಗ ವಾಪಸ್ ಅಂತ ಕಾಗದದ ಮ್ಯಾಲ ಬರಿಸಿಕೊ. ಧಾರವಾಡದ ಮನಿ ಮಾತ್ರ ಈಗ ಮಾರಬ್ಯಾಡ್ರಿ, ಮೊದಲ ಒಂದೆರಡು ತಿಂಗಳು ಟ್ರಯಲ್ ಇದ್ದು ನೋಡ್ರಿ. ಅಣ್ಣ ಅದನ್ನ ನಿನ್ನ ಹೆಸರಿಗೆ ಗಿಫ್ಟ್ ಡೀಡ್ ಮಾಡ್ತೀನಿ ಅಂದಾನಂತ, ಮಾಡ್ಲಿ, ಆದ್ರ ಅದರಾಗ ಅಪ್ಪ ಅವ್ವನ್ನ ನೋಡಿಕೊಳ್ಳೋ ಷರತ್ತು ನೀನ ನಿಂತು ಬರಿಸು. 2007ರ ಹಿರಿಯ ನಾಗರಿಕರ ಕಾಯ್ದೆ ಸೆಕ್ಷನ್ 23ರಾಗ, ಆ ಷರತ್ತು ಮುರದ್ರ ಡೀಡ್ ರದ್ದು ಮಾಡ್ಲಿಕ್ಕೆ ಬರ್ತದ. ನಿನ್ನ ಮ್ಯಾಲ ಸಂಶೆ ಅಲ್ಲೋ, ನಾಳೆ ನಿನ್ನ ತಂಗಿ ಎದುರು ನಿನಗೂ ತಲಿ ಎತ್ತಿ ನಿಂದರಲಿಕ್ಕೆ ಬರ್ತದ.

ಒಂದು ಸಂಗತಿ ಯಾವ ಬ್ರೋಷರಿನ್ಯಾಗೂ ಇರಂಗಿಲ್ಲ. ಮೂರನೇ ಫ್ಲೋರಿಗೆ ವಿಜಾಪುರ ಕಡೆ ಒಬ್ಬಾಕಿ ಬಂದಾಳ, ನಲವತ್ತು ವರ್ಷ ಪುಣೆದ ಕೋಥರೂಡದಾಗ ಇದ್ದಾಕಿ, ಮರಾಠಿ ನೀರು ಕುಡದಂಗ ಮಾತಾಡ್ತಿದ್ಲಂತ. ಮರುವು ಬಂದಮ್ಯಾಲ ಮರಾಠಿ ಹೋತು, ಕನ್ನಡ ಅಷ್ಟ ಉಳೀತು. ಒಂದಿನ ಸಂಜಿ ಭಾಳ ಗದ್ದಲ ಮಾಡ್ಲಿಕತ್ತಾಳ, ಹೊಡಿಲಿಕ್ಕೆ ಬರ್ತಾಳ ಅಂತ ನನ್ನ ಕರದ್ರು. ಹೋದೆ. ಆಕಿ "ನೀರಡಿಕಿ, ನೀರಡಿಕಿ" ಅನ್ಲಿಕತ್ತಿದ್ಲು ಅಷ್ಟ. ಆಕಿನ್ನ ನೋಡಿಕೊಳ್ಳೋ ಹುಡುಗಿಗೆ ಹೆಂಗ ತಿಳಿಬೇಕು, ಪಾಪ, ಅದು ನಾಂದೇಡದ್ದು. ನಾ ಒಂದು ರಟ್ಟಿನ ಮ್ಯಾಲ ಮರಾಠಿ ಅಕ್ಷರದಾಗ ಬರದು ಆಕಿ ಹಾಸಿಗಿ ಮ್ಯಾಲ ಅಂಟಿಸಿ ಬಂದೆ, ನೀರಡಿಕಿ ಅಂದ್ರ ತಹಾನ, ಹಸಿವಿ ಅಂದ್ರ ಭೂಕ, ಚಳಿ ಅಂದ್ರ ಥಂಡಿ, ಹಿಂಗ ಹದಿನೆಂಟು ಶಬ್ದ. ಈಗ ಆ ನಾಂದೇಡದ ಹುಡುಗಿ ನನಗೂ ಲಿಫ್ಟಿನ್ಯಾಗ "ಹಸಿವಿ ಆಗೇದೇನ್ರಿ ಆಜಿ" ಅಂತದ. ಅಣ್ಣಂದು ಈಗ ತಲಿ ಚುರುಕ ಅದ, ಮುಂದ ಹಂಗ ಇರ್ಲಿ, ಆದ್ರ ನೀ ಹುಡುಕುವಾಗ ಕನ್ನಡ ತಿಳಿಯೋವ್ರು ಒಬ್ಬರರೆ ಅದಾರೇನು ಕೇಳು.

ನೋಡ್ಲಿಕ್ಕೆ ಭಾನುವಾರ ಬರಬ್ಯಾಡ, ಅವತ್ತು ಎಲ್ಲಾ ಥಳಥಳ. ಬುಧವಾರ ಸಂಜಿ ಆರಕ್ಕ ಅವರಿಗೆ ಹೇಳದಂಗ ಬಾ, ಮರುವಿನವ್ರು ಅದ ಹೊತ್ತಿಗೆ ಚಡಪಡಿಸ್ತಾರ, ಸ್ಟಾಫ್ ಎಂಥಾದ್ದು ಅವಾಗ ಕಾಣ್ತದ. ಅಣ್ಣನ್ನೂ ಕರಕೊಂಡು ಬಾ, ಅಂವನ್ನ ಬಿಟ್ಟು ಅಂವನ ಮನಿ ಆರಿಸಬ್ಯಾಡ. ಮತ್ತ ವೈನಿಗೆ ಶೇಂಗಾ ಚಟ್ನಿ ಜರಾ ಜಾಸ್ತಿ ಕುಟ್ಲಿಕ್ಕೆ ಹೇಳು, ಹೋದಸಲದ್ದು ಅರ್ಧಾ ಮೂರನೇ ಫ್ಲೋರಿಗೆ ಹೋತು.

ನಿನ್ನ ಅತ್ಯಾ