ಅಮ್ಮನ ಬಳೆ ಮುಟ್ಟಬೇಡಿ

ಮ್ಯೂನಿಕ್
28 ಸೆಪ್ಟೆಂಬರ್ 2025, ಭಾನುವಾರ

ಅಪ್ಪಯ್ಯ ಮತ್ತು ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿಯ ಕಾಲುನೋವು ಈಗ ಹೇಗಿದೆ?

ಚಿಕ್ಕಪ್ಪ ನಿಮ್ಮ ಕಾಗದದ ಫೋಟೋ ತೆಗೆದು ಕಳಿಸಿದ್ದರು. ಶುಕ್ರವಾರ ಆಫೀಸಿನಿಂದ ಬರುವಾಗ ರೈಲಿನಲ್ಲಿ ನಿಂತುಕೊಂಡೇ ಓದಿದೆ. ಮಳೆ ಬಿಡದೆ ಇರುವುದು, ಅಡಿಕೆಗೆ ಕೊಳೆ ರೋಗ, ಮೂರನೇ ಸಲ ಔಷಧಿ ಹೊಡೆಸಿದ್ದು, ಮರ ಹತ್ತುವ ಕೊನೆಗಾರ ಕೈ ಕೊಟ್ಟಿದ್ದು, ಎಲ್ಲ ಓದಿದೆ. ಆದರೆ ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಲ್ಲ, ‘ಪುಟ್ಟಿಗೆ ಆ ಲ್ಯಾಪ್‌ಟಾಪೇ ಬೇಕಂತೆ, ಅಮ್ಮನ ಬಳೆ ಸೊಸೈಟಿಯಲ್ಲಿ ಅಡ ಇಟ್ಟರೆ ಆಗುತ್ತದೆ’ ಅಂತ, ಅದನ್ನು ಓದಿದ ಮೇಲೆ ನನಗೆ ಬೇರೆ ಏನೂ ತಲೆಗೆ ಹೋಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಬಳೆ ಮುಟ್ಟಬೇಡಿ.

ಈಗ ತಂಗಿ ಪುಟ್ಟಿ ಸೇರಿರುವ ಹಾಗೆ ನಾನು 2016ರಲ್ಲಿ ಇಂಜಿನಿಯರಿಂಗ್ ಸೇರಿದಾಗಲೂ ಇದೇ ಬಳೆ ಸೊಸೈಟಿಗೆ ಹೋಗಿತ್ತು. 28 ಸಾವಿರದ ಲ್ಯಾಪ್‌ಟಾಪ್, ಅದರ ಮೇಲೆ ಹಾಸ್ಟೆಲ್ ಫೀಸು. ಬಿಡಿಸಿಕೊಂಡು ಬರಲು ಮೂರು ವರ್ಷ ಹಿಡಿಯಿತು. ನಡುವೆ ದೊಡ್ಡಪ್ಪನ ಮನೆ ಮದುವೆ ಬಂತು. ಅಮ್ಮ ಎರಡೂ ಕೈಗೆ ಹಸಿರು ಗಾಜಿನ ಬಳೆ ಹಾಕಿಕೊಂಡು ಬಡಿಸುತ್ತಿದ್ದಳು, ಯಾರಾದರೂ ಕೈ ನೋಡಿದರೆ ಸೆರಗು ಎಳೆದುಕೊಳ್ಳುತ್ತಿದ್ದಳು. ನಾನು ಪಂಕ್ತಿಯಲ್ಲಿ ಕೂತು ನೋಡಿದ್ದೇನೆ ಅಮ್ಮಾ. ನೀನು ಮರೆತಿರಬಹುದು. ಇನ್ನು ಆ ಲ್ಯಾಪ್‌ಟಾಪ್ ಕಥೆ ನಿಮಗೇ ಗೊತ್ತು. ಎರಡನೇ ವರ್ಷಕ್ಕೆ ಮುಚ್ಚಳದ ಕೀಲು ಮುರಿಯಿತು, ಆಮೇಲೆ ಬ್ಯಾಟರಿ ಹೋಯಿತು. ಬಳೆ ಮನೆಗೆ ಬರುವ ಹೊತ್ತಿಗೆ ಲ್ಯಾಪ್‌ಟಾಪ್ ಮೂಲೆ ಸೇರಿತ್ತು.

ಅದಕ್ಕೇ ನಿನ್ನೆ ಇಡೀ ದಿನ ಕೂತು ಲೆಕ್ಕ ಹಾಕಿದೆ. ಇವತ್ತು ಭಾನುವಾರ, ಇಲ್ಲಿ ಹೆಚ್ಚಿನ ಅಂಗಡಿಗಳು ತೆರೆಯುವುದಿಲ್ಲ, ಗಲಾಟೆ ಮಾಡುವ ಹಾಗೂ ಇಲ್ಲ, ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ಬಂದು ಕೇಳುತ್ತಾರೆ. ಬರೆಯಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ಪುಟ್ಟಿ ಕೇಳುತ್ತಿರುವುದು ಆಪಲ್ ಕಂಪನಿಯ ಮ್ಯಾಕ್‌ಬುಕ್ ಏರ್, ಈ ಮಾರ್ಚ್‌ನಲ್ಲಿ ಬಂದ ಎಂ4 ಚಿಪ್ಪಿನದು. ನಮ್ಮಲ್ಲಿ ಬೆಲೆ 99,900 ರೂಪಾಯಿ, ವಿದ್ಯಾರ್ಥಿಗಳಿಗೆ 89,900. ಅವಳನ್ನು ಬೈಯಬೇಡಿ ಅಪ್ಪಯ್ಯ. ಅವಳು ಶೋಕಿಗೆ ಕೇಳುತ್ತಿಲ್ಲ. ಒಂದು ವರ್ಷದ ಹಿಂದೆ ಕೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆ, ಯಾಕೆಂದರೆ ಆಗ ಆ ಬೆಲೆಗೆ 8 ಜಿಬಿ ಮೆಮೊರಿ ಮಾತ್ರ ಕೊಡುತ್ತಿದ್ದರು. 2024ರ ಅಕ್ಟೋಬರ್ ಕೊನೆಗೆ ಅದನ್ನು 16 ಮಾಡಿದರು, ಬೆಲೆ ಏರಿಸಲಿಲ್ಲ. ಇದು ದೊಡ್ಡ ವಿಷಯ. ಮ್ಯಾಕ್‌ಬುಕ್ ಏರ್‌ನಲ್ಲಿ ಮೆಮೊರಿ, ಸ್ಟೋರೇಜ್ ಎರಡೂ ಒಳಗೆ ಬೆಸುಗೆ ಹಾಕಿ ಕೂರಿಸಿರುತ್ತಾರೆ, ನಮ್ಮ ಹಳೇದಕ್ಕೆ ಶಿವಮೊಗ್ಗದಲ್ಲಿ ಹಾಕಿಸಿದ ಹಾಗೆ ಆಮೇಲೆ ಹಾಕಿಸಲು ಬರುವುದಿಲ್ಲ. ಮೊದಲ ದಿನ ಎಷ್ಟು ತಗೊಂಡಿರಿ, ಕೊನೆಯ ದಿನವೂ ಅಷ್ಟೇ. ಸ್ಟೋರೇಜ್ ಮಾತ್ರ ಈಗಲೂ 256 ಜಿಬಿ, ಅದು 512 ಬೇಕು ಅಂದರೆ ಅಂಗಡಿ ಬೆಲೆಯಲ್ಲಿ ಇನ್ನೂ 20 ಸಾವಿರ. ಅಷ್ಟು ಕೊಡಬಾರದು. ಫೋಟೋ, ವಿಡಿಯೋ ಇಡಲು ಹೊರಗಿನ ಡಿಸ್ಕ್ ಸಾಕು.

ಅಮ್ಮ ಫೋನಿನಲ್ಲಿ ಕೇಳಿದೆಯಲ್ಲ, 22ನೇ ತಾರೀಖಿನಿಂದ ಜಿಎಸ್‌ಟಿ ಇಳಿದಿದೆಯಂತೆ, ಲ್ಯಾಪ್‌ಟಾಪ್ ಅಗ್ಗ ಆಗುವುದಿಲ್ಲವಾ ಅಂತ. ಆಗುವುದಿಲ್ಲ. ಇಳಿದಿದ್ದು ದೊಡ್ಡ ಟಿವಿ, ಎಸಿಗೆ, 28ರಿಂದ 18ಕ್ಕೆ. ಲ್ಯಾಪ್‌ಟಾಪಿಗೆ ಮೊದಲೂ 18 ಇತ್ತು, ಈಗಲೂ 18.

‘ನೀನೇ ಅಲ್ಲಿಂದ ತಂದುಬಿಡು, ಅಗ್ಗ ಆಗುತ್ತದೆ’ ಅಂತ ಮಾವ ಹೇಳಿದರಂತೆ. ಎಲ್ಲರೂ ಹಾಗೇ ತಿಳಿದಿದ್ದಾರೆ. ಇಲ್ಲಿ ಅದೇ ಲ್ಯಾಪ್‌ಟಾಪಿಗೆ 1,199 ಯೂರೋ. ಈಗಿನ ರೇಟಿನಲ್ಲಿ ಒಂದು ಲಕ್ಷ 24 ಸಾವಿರ. ನಮ್ಮೂರಿನ ಬೆಲೆಗಿಂತ ಜಾಸ್ತಿ! ಸಾಲದು ಅಂತ ಕೀಬೋರ್ಡು ಬೇರೆ. ಜರ್ಮನ್ ಕೀಬೋರ್ಡಿನಲ್ಲಿ ವೈ ಇರಬೇಕಾದ ಕಡೆ ಝಡ್ ಇರುತ್ತದೆ, ಝಡ್ ಇರಬೇಕಾದ ಕಡೆ ವೈ. ಬಲಗಡೆ ತಲೆ ಮೇಲೆ ಎರಡು ಚುಕ್ಕೆ ಇಟ್ಟ ಮೂರು ಅಕ್ಷರ. ಇಮೇಲ್ ವಿಳಾಸ ಬರೆಯಲು ಬೇಕಾದ ಆ ಚಿಹ್ನೆಗೆ ಆಪ್ಷನ್ ಹಿಡಿದು ಎಲ್ ಒತ್ತಬೇಕು. ನಾನು ಬಂದ ಹೊಸದರಲ್ಲಿ ಒಂದು ತಿಂಗಳು ಒದ್ದಾಡಿದ್ದೆ. ಈಗ ನನಗೆ ಇದರಲ್ಲೂ ಬರುತ್ತದೆ, ನಮ್ಮದರಲ್ಲೂ ಬರುತ್ತದೆ. ಆಫೀಸಿನ ಜರ್ಮನ್ನರಿಗೆ ಒಂದೇ ಬರುವುದು.

ಇನ್ನು ಭಾವ ಹೇಳಿದ ಬೆಂಗಳೂರಿನ ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್. 35 ಸಾವಿರಕ್ಕೆ 2020ರ ಮ್ಯಾಕ್‌ಬುಕ್ ಏರ್ ಸಿಗುತ್ತದೆ, ಹೊಸದರ ಹಾಗೇ ಇದೆ ಅಂದರಂತೆ. ದಯವಿಟ್ಟು ಅದಕ್ಕೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಭಾವನಿಗೆ ಓದಿ ಹೇಳಿ. 2020ರಲ್ಲಿ ಆ ಹೆಸರಿನ ಲ್ಯಾಪ್‌ಟಾಪ್ ಎರಡು ಬಂದವು. ಮಾರ್ಚ್‌ನಲ್ಲಿ ಬಂದದ್ದರ ಒಳಗೆ ಇಂಟೆಲ್ ಚಿಪ್ಪು. ನವೆಂಬರ್‌ನಲ್ಲಿ ಬಂದದ್ದು ಆಪಲ್‌ನವರ ಸ್ವಂತ ಎಂ1. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ, ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಈ 15ನೇ ತಾರೀಖು ಬಂದ ಹೊಸ ಅಪ್‌ಡೇಟ್, ಟಾಹೋ ಅಂತ ಹೆಸರು, ಎಂ1ಗೆ ಸಿಕ್ಕಿದೆ, ಮಾರ್ಚ್‌ನ ಇಂಟೆಲ್ ಏರ್‌ಗೆ ಸಿಕ್ಕಿಲ್ಲ. ನಾಲ್ಕೇ ನಾಲ್ಕು ಇಂಟೆಲ್ ಮಾಡೆಲ್‌ಗಳಿಗೆ ಕೊಟ್ಟಿದ್ದಾರೆ, ಇಂಟೆಲ್‌ಗೆ ಇದೇ ಕೊನೆಯದು ಅಂತ ಜೂನ್‌ನಲ್ಲೇ ಕಂಪನಿ ಹೇಳಿದೆ. ಸಾಮಾನ್ಯವಾಗಿ ಹೊಸ ಆವೃತ್ತಿಗೂ ಅದರ ಹಿಂದಿನ ಎರಡಕ್ಕೂ ಸುರಕ್ಷತೆಯ ರಿಪೇರಿ ಬರುತ್ತಾ ಇರುತ್ತದೆ. ಆ ಲೆಕ್ಕದಲ್ಲಿ ಭಾವ ನೋಡಿದ್ದು ಇಂಟೆಲ್ ಆಗಿದ್ದರೆ 2027ರ ಹೊತ್ತಿಗೆ ಅದರ ಕಥೆ ಮುಗಿಯಿತು. ಪುಟ್ಟಿಯ ಕೋರ್ಸ್ ಮುಗಿಯುವುದು 2029ಕ್ಕೆ. ನೋಡುವುದು ಸುಲಭ. ಎಡಗಡೆ ಮೇಲೆ ಸೇಬಿನ ಗುರುತು ಒತ್ತಿ, ಮೊದಲನೇ ಸಾಲು ತೆರೆದರೆ ‘ಚಿಪ್’ ಅಂತ ಬರೆದು ಎಂ1 ಅಂತ ಇರಬೇಕು. ‘ಪ್ರೊಸೆಸರ್’ ಅಂತ ಬರೆದು ಇಂಟೆಲ್ ಅಂತ ಇದ್ದರೆ ಎದ್ದು ಬರಲಿ, ಎಷ್ಟು ಇಳಿಸಿದರೂ ಬೇಡ. ಹಳೇ ಓನರ್ ತನ್ನ ಖಾತೆಯಿಂದ ಹೊರಗೆ ಬಂದಿರಬೇಕು, ಅದೂ ಮುಖ್ಯ. ಇಲ್ಲದಿದ್ದರೆ ದುಡ್ಡು ಕೊಟ್ಟೂ ಅದು ನಮ್ಮದಾಗುವುದಿಲ್ಲ.

ಈಗ ನನ್ನದರ ವಿಷಯ. ನಾನು ಬರೆಯುತ್ತಿರುವುದು ಆ ಎಂ1ನಲ್ಲೇ. 2021ರ ಮೇನಲ್ಲಿ ತಗೊಂಡೆ, 1,129 ಯೂರೋ. ನಿಮಗೆ ಆಗ ಪೂರ್ತಿ ಬೆಲೆ ಹೇಳಿರಲಿಲ್ಲ. ಓದುವಾಗ ಶನಿವಾರ ಭಾನುವಾರ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಕೂಡಿಸಿದ ದುಡ್ಡು ಅದು, ಯಾರ ಸಾಲವೂ ಇಲ್ಲ. ನಾಲ್ಕು ವರ್ಷ ನಾಲ್ಕು ತಿಂಗಳಾಯಿತು. ತಿಂಗಳಿಗೆ ಹಂಚಿದರೆ 22 ಯೂರೋ ಹತ್ತಿರ ಬರುತ್ತದೆ. ಇದರಲ್ಲಿ ಫ್ಯಾನೇ ಇಲ್ಲ, ಹಾಗಾಗಿ ಧೂಳು ಸೇರಿ ಗರ್ ಅನ್ನುವ ಸದ್ದೂ ಇಲ್ಲ. ತಗೊಂಡ ಮೇಲೆ ಐದು ದೊಡ್ಡ ಅಪ್‌ಡೇಟ್ ಬಂದಿವೆ, ವರ್ಷಕ್ಕೆ ಒಂದರಂತೆ. ಮಾಂಟೆರೆಯಿಂದ ಹಿಡಿದು ಟಾಹೋ ತನಕ ಎಲ್ಲಾ ಕ್ಯಾಲಿಫೋರ್ನಿಯಾದ ಊರು, ಕೆರೆ, ಕಾಡಿನ ಹೆಸರುಗಳು. ಒಂದಕ್ಕೂ ದುಡ್ಡು ಕೊಟ್ಟಿಲ್ಲ.

ಟಾಹೋ ಹಾಕಿ ಹತ್ತು ದಿನ ಆಯಿತು. ಹಾಕುವ ಮೊದಲು ಹೆದರಿಕೆ ಇತ್ತು. ಹೊಸ ಅಪ್‌ಡೇಟ್ ಹಾಕಿದ ಮೇಲೆ ಹಳೇ ಯಂತ್ರ ನಿಧಾನ ಆಗಿಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಮೊದಲ ಎರಡು ದಿನ ಒಳಗಿನ ಫೈಲುಗಳನ್ನೆಲ್ಲ ಅದು ಮತ್ತೆ ಪಟ್ಟಿ ಮಾಡಿಕೊಳ್ಳುತ್ತದೆ, ಆಗ ತೊಡೆ ಮೇಲೆ ಇಟ್ಟರೆ ಬೆಚ್ಚಗೆ ಅನ್ನಿಸುತ್ತಿತ್ತು. ಮೂರನೇ ದಿನದಿಂದ ಮೊದಲಿನ ಹಾಗೇ. ಪರದೆ ಮೇಲಿನ ಕಿಟಕಿಗಳ ಅಂಚೆಲ್ಲ ಈಗ ಗಾಜಿನ ಹಾಗೆ ಕಾಣುತ್ತದೆ. ಬ್ಯಾಟರಿ ಇಲ್ಲಿವರೆಗೆ 610 ಸುತ್ತು ಚಾರ್ಜ್ ಆಗಿದೆ, ಕಂಪನಿ ಹೇಳುವ ಮಿತಿ 1,000. ಬೆಳಿಗ್ಗೆ ತೆಗೆದರೆ ಸಂಜೆ ತನಕ ಈಗಲೂ ಬರುತ್ತದೆ. ನನಗೆ ಕೊರತೆ ಅನ್ನಿಸುವುದು ಒಂದೇ, 8 ಜಿಬಿ ತಗೊಂಡಿದ್ದು. ಆಗ ದುಡ್ಡು ಅಷ್ಟೇ ಇತ್ತು. ಒಂದೇ ಸಲ ಏಳೆಂಟು ಕೆಲಸ ತೆರೆದರೆ ತಡವರಿಸುತ್ತದೆ.

ಹಾಗಾದರೆ ಹೊಸದಕ್ಕೆ 89,900 ಕೊಡಬಹುದಾ? ನಮ್ಮ ಹಳೇ 28 ಸಾವಿರದ್ದಕ್ಕೆ ಕೀಲು, ಬ್ಯಾಟರಿ ಎಲ್ಲ ಸೇರಿ 35 ಸಾವಿರ ಮೇಲೆ ಆಯಿತು, ಬಂದದ್ದು ಮೂರು ವರ್ಷ. ತಿಂಗಳಿಗೆ ಸಾವಿರದ ಹತ್ತಿರ. ಎಂ4 ಏಳು ವರ್ಷ ಬಂದರೆ ಅದೂ ತಿಂಗಳಿಗೆ ಸಾವಿರದ ಎಪ್ಪತ್ತು. ಹೆಚ್ಚುಕಡಿಮೆ ಒಂದೇ ಆಯಿತು ನೋಡಿ! ಬೆಲೆ ಜಾಸ್ತಿ ಅಂತ ಮೋಸ ಏನಿಲ್ಲ. ಆದರೆ ಏಳು ವರ್ಷ ಬಂದರೆ ಅಂತ ಒಂದು ಮಾತಿದೆ. ಹಾಸ್ಟೆಲ್‌ನಲ್ಲಿ ಮೇಲಿನ ಮಂಚದಿಂದ ಒಂದು ಸಲ ಬಿದ್ದರೆ, ಒಂದು ಲೋಟ ಕಾಫಿ ಚೆಲ್ಲಿದರೆ, ಎಲ್ಲ ಒಂದೇ ಬೋರ್ಡು, ರಿಪೇರಿಗೆ ಅರ್ಧ ಬೆಲೆ ಕೇಳಿದರೂ ಕೇಳಬಹುದು. ಸಾಲ ಮಾಡಿ ತಂದ ವಸ್ತುವನ್ನು ಹಾಗೆ ಇಟ್ಟುಕೊಂಡು ಅವಳು ನಿದ್ದೆ ಮಾಡುವುದು ಹೇಗೆ? ಮತ್ತೆ ಮೊದಲನೇ ವರ್ಷ ಎಲ್ಲಾ ಬ್ರಾಂಚಿಗೂ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಮೂಲ ಪಾಠಗಳೇ. ಕಂಪ್ಯೂಟರ್ ಕೆಲಸ ಅಂದರೆ ಸಣ್ಣ ಸಣ್ಣ ಪ್ರೋಗ್ರಾಂ. ಅದಕ್ಕೆ ನನ್ನ 8 ಜಿಬಿ ಧಾರಾಳ.

ಆದ್ದರಿಂದ ಹೀಗೆ ಮಾಡೋಣ. ಡಿಸೆಂಬರ್‌ನಲ್ಲಿ ನಾನು ಬರುವಾಗ ಇದನ್ನೇ ಪುಟ್ಟಿಗೆ ತಂದುಕೊಡುತ್ತೇನೆ. ನನಗೆ ಆಫೀಸಿನದು ಇದೆ, ನನಗೇನೂ ತೊಂದರೆ ಇಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಕಸ್ಟಮ್ಸ್ ಭಯ ಬೇಡ, 18 ವರ್ಷ ದಾಟಿದವರು ಒಂದು ಲ್ಯಾಪ್‌ಟಾಪ್ ತಂದರೆ ಸುಂಕ ಇಲ್ಲ. ಟಾಹೋ ಇದಕ್ಕೆ ಕೊನೆಯ ಅಪ್‌ಡೇಟ್ ಆದರೂ 2028ರ ತನಕ ಸುರಕ್ಷತೆಗೆ ತೊಂದರೆ ಇರಲಾರದು. ಮೂರನೇ ವರ್ಷ ಪ್ರಾಜೆಕ್ಟ್ ಶುರುವಾದಾಗ 16 ಜಿಬಿಯ ಹೊಸದು ನಾನೇ ಕೊಡಿಸುತ್ತೇನೆ. ಅಷ್ಟರಲ್ಲಿ ಇನ್ನೂ ಹೊಸ ಮಾಡೆಲ್ ಬಂದಿರುತ್ತದೆ. ಈ ತಿಂಗಳಿನಿಂದಲೇ ಅದಕ್ಕೆ ಅಂತ ಬೇರೆ ಎತ್ತಿಡುತ್ತೇನೆ.

ಪುಟ್ಟಿ, ಈ ಸಾಲು ನಿನಗೆ. ಬೇಜಾರಾಗಿದೆ ಅಂತ ಗೊತ್ತು. ರೂಮಿನಲ್ಲಿ ಎಲ್ಲರ ಹತ್ತಿರ ಹೊಸದು ಇರುವಾಗ ಅಣ್ಣನ ಹಳೇದು ಹಿಡಿದುಕೊಂಡು ಹೋಗುವುದು ಕಷ್ಟವೇ. ಕೀಬೋರ್ಡಿಗೆ ಸ್ಟಿಕ್ಕರ್ ಅಂಟಿಸಿ, ಒಳಗೆ ನಮ್ಮ ಇಂಗ್ಲಿಷ್ ಜೋಡಣೆ ಹಾಕಿ ಕೊಡುತ್ತೇನೆ, ವೈ ಒತ್ತಿದರೆ ವೈಯೇ ಬರುತ್ತದೆ. ಮುಚ್ಚಳದ ಮೇಲೆ ಸೇಬಿನ ಪಕ್ಕ ಕೆಂಪು ಗೀರು ಇದೆ. ಅದು ಬಣ್ಣ ಹೋಗಿದ್ದಲ್ಲ, ಹೋದ ವರ್ಷದ ಆಯುಧ ಪೂಜೆ ಕುಂಕುಮ. ನಾನೇ ಒರೆಸಿಲ್ಲ. ಈ ಬುಧವಾರ ಮತ್ತೆ ಇಡುತ್ತೇನೆ, ಅಮ್ಮ ಕಳಿಸಿದ ಡಬ್ಬಿಯಲ್ಲಿ ಇನ್ನೂ ಇದೆ. ಆಫೀಸಿನಲ್ಲಿ ಒಬ್ಬ ಇದೇನು ಅಂತ ಕೇಳಿದ್ದ. ಹೇಳಿದೆ. ಅವನು ತನ್ನ ಅಜ್ಜನ ಚರ್ಮದ ಚಡ್ಡಿ ತೋರಿಸಿದ, ಇಲ್ಲಿ ಈಗ ಸೆಪ್ಟೆಂಬರ್‌ನಲ್ಲೇ ಶುರುವಾಗುವ ಅಕ್ಟೋಬರ್ ಹಬ್ಬ, ರೈಲಿನ ತುಂಬಾ ಅದೇ ವೇಷ. ಅಜ್ಜ ಹೊಲಿಸಿದ್ದನ್ನು ಮೊಮ್ಮಗ ಹಾಕಿಕೊಳ್ಳುತ್ತಾನೆ, ಹಳೇದಾದಷ್ಟೂ ಅವರಿಗೆ ಹೆಮ್ಮೆ.

ಚಿಕ್ಕಪ್ಪನ ಅಂಗಡಿಯಲ್ಲಿ ಇದನ್ನು ಪ್ರಿಂಟ್ ತೆಗೆಸಿಕೊಳ್ಳಿ. ಹಾಗೇ ಅವರಿಗೆ ಹೇಳಿ, ಅಂಗಡಿ ಕಂಪ್ಯೂಟರಿನ ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೆ ಅಪ್‌ಡೇಟ್ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಇನ್ನೊಂದು ವರ್ಷಕ್ಕೆ ಹೆಸರು ಬರೆಸುವ ಅವಕಾಶ ಇದೆ, ಮೈಕ್ರೋಸಾಫ್ಟ್ ಖಾತೆಯಿಂದ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡು ಬೇಡ. ಮಾಡಲು ಬರದಿದ್ದರೆ ನಾನು ಫೋನಿನಲ್ಲಿ ಹೇಳಿಕೊಡುತ್ತೇನೆ.

ಕೊಳೆ ಔಷಧಿಯ ಬಾಕಿಗೆ ನಾಳೆ ದುಡ್ಡು ಹಾಕುತ್ತೇನೆ. ನನಗೆ ಇಲ್ಲಿ ಯಾವ ಕಷ್ಟವೂ ಇಲ್ಲ, ಊಟ ಸರಿಯಾಗಿ ಮಾಡುತ್ತಿದ್ದೇನೆ, ತೂಕವೂ ಇಳಿದಿಲ್ಲ, ಚಳಿಗೆ ಕೋಟು ತಗೊಂಡಿದ್ದೇನೆ, ಸುಮ್ನೆ ಚಿಂತೆ ಮಾಡಬೇಡಿ. ಅಮ್ಮಾ, ದಸರಾ ಪೂಜೆಗೆ ಬಳೆ ಹಾಕಿಕೊಂಡು ಒಂದು ಫೋಟೋ ಕಳಿಸು. ಎರಡೂ ಕೈ ಕಾಣಬೇಕು.

ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಸರದಿ ನಾಲ್ಕು ಗಂಟೆಗೆ, ಆಗಲೇ ಹತ್ತು ನಿಮಿಷ ಮೀರಿತು. ಬುಧವಾರ ರಾತ್ರಿ ಫೋನ್ ಮಾಡುತ್ತೇನೆ.

ನಿಮ್ಮ ಮಗ