ಪುಟ್ಟಿ, ಇದನ್ನು ರೈಲಿನಲ್ಲಿ ಓದು

ಪುಟ್ಟಿ,

ನಾಳೆ ಅಪ್ಪ ನಿನ್ನನ್ನು ಕರೆದುಕೊಂಡು ಬರಲು ತಿಪಟೂರಿಗೆ ಹೊರಟಿದ್ದಾರೆ. ಈ ಕಾಗದವನ್ನು ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ನೀನು "ಹೂಂ, ಊಟ ಆಯ್ತು" ಅಂತ ಎರಡು ಮಾತಾಡಿ ಅಜ್ಜಿಗೆ ಕೊಟ್ಟುಬಿಡುತ್ತೀಯ.

ಇವತ್ತು ನಿನ್ನ ದೀಪಾಕ್ಕ, ನಮ್ಮ ಜಿಮ್ನಾಸ್ಟ್ ದೀಪಾ ಕರ್ಮಾಕರ್, ಗೆದ್ದರು ಕಣೇ! ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್, ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ವಾಲ್ಟ್‌ನಲ್ಲಿ ಚಿನ್ನ. ಎರಡು ವಾಲ್ಟ್‌ಗಳ ಸರಾಸರಿ 13.566. ಬೆಳ್ಳಿ ಗೆದ್ದ ಉತ್ತರ ಕೊರಿಯಾದ ಹುಡುಗಿ ಬರೀ 0.1 ಹಿಂದೆ. ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ದೇಶಕ್ಕೆ ಚಿನ್ನ ಬಂದಿದ್ದು ಇದೇ ಮೊದಲು. 2015ರಲ್ಲಿ ಹಿರೋಷಿಮಾದಲ್ಲಿ ಇವರಿಗೇ ಕಂಚು ಬಂದಿತ್ತು, ಆಮೇಲೆ ನಮ್ಮ ಇನ್ನೊಬ್ಬ ಜಿಮ್ನಾಸ್ಟ್ ಪ್ರಣತಿ ನಾಯಕ್‌ಗೆ 2019ರಲ್ಲಿ, 2022ರಲ್ಲಿ ಕಂಚು. ಎಲ್ಲವೂ ವಾಲ್ಟ್‌ನಲ್ಲೇ. ಈ ಚಿನ್ನದಿಂದ ಪ್ಯಾರಿಸ್ ಒಲಿಂಪಿಕ್ಸ್‌ಗೆ ದಾರಿ ಸಿಗಲಿಲ್ಲ, ಅದಕ್ಕೆ ನಾಲ್ಕೂ ಉಪಕರಣಗಳ ಒಟ್ಟು ಅಂಕ ಬೇಕಿತ್ತು. ಆದರೂ ನನಗೆ ಕೂರಲಾಗಲಿಲ್ಲ, ಒಬ್ಬಳೇ ಹಾಲ್‌ನಲ್ಲಿ ಓಡಾಡಿದೆ.

ಅವರಿಗೆ ಈಗ ಮೂವತ್ತು ವರ್ಷ. ಮಂಡಿಗೆ ಆಪರೇಷನ್ ಆಗಿದೆ. ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 21 ತಿಂಗಳು ನಿಷೇಧ ಅನುಭವಿಸಿ, ಕಳೆದ ವರ್ಷ ಜುಲೈನಲ್ಲಷ್ಟೇ ಅದು ಮುಗಿದಿದೆ. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ, ನೀನು ದೊಡ್ಡವಳಾಗಿದ್ದೀಯ. ಅಷ್ಟೆಲ್ಲ ಆದಮೇಲೂ ಅಗರ್ತಲಾದ ಆ ಹುಡುಗಿ ಓಡಿ ಬಂದು ಸ್ಪ್ರಿಂಗ್‌ಬೋರ್ಡ್ ತುಳಿದರಲ್ಲ!

ಸುದ್ದಿ ನೋಡುತ್ತಾ ನನಗೆ ರಿಯೋ ಒಲಿಂಪಿಕ್ಸ್ ನೆನಪಾಯಿತು. 2016ರ ಆಗಸ್ಟ್, ನಿನಗೆ ಆಗ ನಾಲ್ಕು ವರ್ಷ, ಅಪ್ಪನ ತೊಡೆ ಮೇಲೆ ನಿದ್ದೆ ಹೋಗಿದ್ದೆ. ನಡುರಾತ್ರಿ ಹತ್ತಿರ. ದೀಪಾ ಪ್ರೊಡುನೋವಾ ಅನ್ನೋ ವಾಲ್ಟ್ ಹಾರಿದರು. ಮುಂದಕ್ಕೆ ಎರಡು ಪಲ್ಟಿ, ಕತ್ತಿನ ಮೇಲೆ ಬಿದ್ದರೆ ಜೀವಕ್ಕೇ ಅಪಾಯ. 15.066 ಬಂತು, ನಾಲ್ಕನೇ ಸ್ಥಾನ. ಕಂಚಿಗೆ ಬರೀ 0.15 ಕಡಿಮೆ. ಆಗ ನನ್ನ ಬಾಯಿಂದ ಬಂದ ಮಾತು "ಅಯ್ಯೋ, ಹೋಯ್ತಲ್ಲ". ಆ ವಾಲ್ಟ್ ಹಾರಿ ಎದ್ದು ನಿಂತವರನ್ನು ನೋಡಿ ನನಗೆ ಬೇರೆ ಮಾತೇ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ನಿನ್ನ ಸ್ಪರ್ಧೆಯಲ್ಲಿ ಬೀಮ್, ಆ ಕಿರಿದಾದ ತೊಲೆ, ಅದರ ಮೇಲಿಂದ ನೀನು ಬಿದ್ದೆ. ವಾಪಸ್ ಬರುವಾಗ ಆಟೋದಲ್ಲಿ ನಿನಗೂ ಅದನ್ನೇ ಅಂದೆ. "ಹೋಯ್ತಲ್ಲ ಪುಟ್ಟಿ, ಒಂದು ಮಾರ್ಕು."

ನೀನು ಅಳಲಿಲ್ಲ. ಕಿಟ್ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಮತ್ತೆ ಮುಚ್ಚುತ್ತಾ ಕೂತಿದ್ದೆ, ಬನಶಂಕರಿ ಬರುವ ತನಕ. ಉಗುರ ಸಂದಿಯಲ್ಲಿ ಬಿಳಿ ಚಾಕ್ ಪುಡಿ ಹಾಗೇ ಇತ್ತು. ಮರುದಿನದಿಂದ ಪ್ರಾಕ್ಟೀಸ್‌ಗೆ ಹೋಗಲಿಲ್ಲ. ರಜ ಬಂತು, ಅಜ್ಜಿ ಮನೆಗೆ ಹೊರಟುಬಿಟ್ಟೆ. ಬೀಮ್ ಮೇಲಿಂದ ಬಿದ್ದದ್ದಕ್ಕೆ ಬೇಜಾರಾಗಿದೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಕಾರಣ ನನ್ನ ಮಾತು ಅಂತ ನನಗೆ ಆಗಲೇ ಗೊತ್ತಿತ್ತು.

ಇವತ್ತು ಸಂಜೆ ಮಳೆ ಬಂದು ಕರೆಂಟ್ ಹೋಯಿತು. ಸುಮ್ನೆ ಕೂರಲಾಗದೆ ಹೊಲಿಗೆ ಟೇಪ್ ತಂದು, ಹಾಲ್‌ನಲ್ಲಿ ರಂಗೋಲಿ ಪುಡಿಯಿಂದ ಎರಡು ಗೆರೆ ಎಳೆದೆ, ನಡುವೆ ಬೀಮ್‌ನಷ್ಟೇ 10 ಸೆಂಟಿಮೀಟರ್. ಉದ್ದ 5 ಮೀಟರ್ ಬೇಕಲ್ಲ, ನಮ್ಮ ಹಾಲ್ ಸಾಲದೆ ಅಡುಗೆಮನೆ ಬಾಗಿಲ ತನಕ ಹೋಯಿತು. ಮೊಂಬತ್ತಿ ಹಚ್ಚಿಟ್ಟು ಅದರ ಮೇಲೆ ನಡೆದೆ. ನನ್ನ ಪಾದವೇ ಹೆಚ್ಚುಕಮ್ಮಿ ಆ ಅಗಲ. ಆರನೇ ಹೆಜ್ಜೆಗೆ ಗೆರೆ ತುಳಿದೆ, ಅದೂ ನೆಲದ ಮೇಲೆ. ನೀನು ಅಷ್ಟೇ ಅಗಲದ ಮೇಲೆ, 125 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಹತ್ತಿರ ಹತ್ತಿರ ನನ್ನ ಎದೆಮಟ್ಟ, ಹಿಂದಕ್ಕೆ ಬಾಗಿ ಕಾಣದ ಜಾಗದಲ್ಲಿ ಕೈ ಊರಿ ಬ್ಯಾಕ್ ವಾಕ್‌ಓವರ್ ಮಾಡುತ್ತೀಯ.

ಆ ದಿನ ನೀನು ಬಿದ್ದಮೇಲೆ ಏನಾಯಿತು ಅಂತ ಮತ್ತೆ ನೆನೆಸಿಕೊಂಡೆ. ಬಿದ್ದವರು ಹತ್ತು ಸೆಕೆಂಡಿನೊಳಗೆ ಹತ್ತಬೇಕು ಅಲ್ವಾ? ನೀನು ಒಂದು ಸಲ ಅಂಗೈ ನೋಡಿಕೊಂಡೆ, ತೊಡೆಗೆ ಒರೆಸಿಕೊಂಡೆ, ಹತ್ತಿಬಿಟ್ಟೆ. ಹತ್ತಿ ಅದೇ ವಾಕ್‌ಓವರ್ ಮತ್ತೆ ಮಾಡಿದೆ, ಈ ಸಲ ಕಾಲು ಅಲ್ಲಾಡಲಿಲ್ಲ. ನಾನು ಅದನ್ನು ನೋಡಿದ್ದೆ ಪುಟ್ಟಿ, ಕಣ್ಣಾರೆ ನೋಡಿದ್ದೆ. ಆದರೂ ಆಟೋ ಹತ್ತಿದ ತಕ್ಷಣ ಮಾರ್ಕಿನ ಮಾತು ತೆಗೆದೆ. ತಪ್ಪಾಯಿತು ಕಂದ.

ನೀನು ಮತ್ತೆ ಹೋಗಲೇಬೇಕು ಅಂತ ಇದನ್ನು ಬರೆಯುತ್ತಿಲ್ಲ. ಬೇಡ ಅಂದರೆ ಬೇಡ. ಹೋಗುತ್ತೀನಿ ಅಂದರೆ ಬೆಳಿಗ್ಗೆ ಐದೂವರೆಗೆ ನಾನೇ ಎಬ್ಬಿಸುತ್ತೇನೆ, ಮೊದಲಿನ ಹಾಗೆ. ವಾರಗಟ್ಟಲೆ ಬಿಟ್ಟಿದ್ದರಿಂದ ಮೈ ಬಿಗಿಯಾಗಿರುತ್ತೆ, ಮೊದಲ ದಿನವೇ ಜಾಸ್ತಿ ಮಾಡಬೇಡ. ಜನ ಏನಂತಾರೆ ಅನ್ನೋದನ್ನು ನನಗೆ ಬಿಡು.

ಲಿಯೋಟಾರ್ಡ್ ಒಗೆದು ಮಡಿಸಿ ನಿನ್ನ ಬೀರುವಿನ ಎರಡನೇ ಖಾನೆಯಲ್ಲಿ ಇಟ್ಟಿದ್ದೇನೆ. ರಂಗೋಲಿ ಗೆರೆ ಅಳಿಸಿಲ್ಲ, ಕೆಲಸದ ಅಕ್ಕನಿಗೂ ಗುಡಿಸಬೇಡಿ ಅಂತ ಹೇಳುತ್ತೇನೆ. ಅಜ್ಜಿ ಕೊಡುವ ಕೊಬ್ಬರಿ ಮಿಠಾಯಿ ಅಪ್ಪನ ಬ್ಯಾಗಿಗೆ ಹಾಕಬೇಡ, ದಾರಿಯಲ್ಲೇ ಖಾಲಿ ಮಾಡಿಬಿಡುತ್ತಾರೆ.

ನಿನ್ನ ಅಮ್ಮ
ಬನಶಂಕರಿ, ಭಾನುವಾರ ರಾತ್ರಿ, ಮೇ 26, 2024